ನೇಮಕದ ಕುರ್ಚಿ ಮತ್ತು ಚಳವಳಿ: ಬನವಾಸಿ ಸೀಮೆಯ ಹೋರಾಟಗಾರರಿಗೆ ಒಂದು ಬಹಿರಂಗ ಪತ್ರ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಪರಿಸರ ಸಂಘಟನೆಗಳು, ಅರಣ್ಯಭೂಮಿ ಹಕ್ಕಿನ ಹೋರಾಟ ಸಮಿತಿಗಳು, ಗ್ರಾಮ ಅರಣ್ಯ ಸಮಿತಿಗಳು ಹಾಗೂ ಸಿದ್ದಿ ಸಮುದಾಯದ ಸಂಘಗಳ ಕಾರ್ಯಕರ್ತರಿಗೆ,



ಸರ್ಕಾರದ ಹೊರಗೆ ನಿಂತು, ಸರ್ಕಾರದ ನಿರ್ಧಾರವನ್ನು ಬದಲಿಸಲು ಜನರು ಒಟ್ಟಾಗಿ ದೀರ್ಘಕಾಲ ನಡೆಸುವ ಪ್ರಯತ್ನವನ್ನು ಸಾಮಾಜಿಕ ಚಳವಳಿ ಎಂದು ಕರೆಯುವುದು ರೂಢಿಯಾಗಿದ್ದು, ಅಂಥ ಚಳವಳಿಯ ಮುಂದಾಳುಗಳು ಅಧಿಕಾರದ ಒಳಗೆ ಬಂದಾಗ ಅದರ ಸ್ವಭಾವ ಬದಲಾಗುತ್ತದೆ ಎಂಬುದರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಬದಲಾವಣೆಗೆ ಕಾರಣವೇನು ಎಂಬಲ್ಲಿ ಮಾತ್ರ ಸುಲಭದ ಉತ್ತರವೊಂದು ಎಲ್ಲೆಡೆ ಚಾಲ್ತಿಯಲ್ಲಿದೆ: ಮುಂದಾಳು ಕುರ್ಚಿಗೆ ಆಸೆಪಟ್ಟ, ಹೋರಾಟ ಹಳ್ಳ ಹಿಡಿಯಿತು ಎಂಬುದು ಆ ಉತ್ತರ. ವ್ಯಕ್ತಿಯ ಆಸೆಯ ಮೇಲೆ ಹೊರೆ ಹಾಕುವ ಈ ವಿವರಣೆ ಬನವಾಸಿ ಸೀಮೆಯ ಅನುಭವವನ್ನು ಅರ್ಥ ಮಾಡಿಕೊಳ್ಳಲು ಸಾಲುವುದಿಲ್ಲ, ಏಕೆಂದರೆ ಇಲ್ಲಿನ ಚಳವಳಿಗಳು ಅಧಿಕಾರದ ಒಳಗೆ ಹೋದದ್ದು ಬಹುಪಾಲು ಚುನಾವಣೆಯ ಬಾಗಿಲಿನಿಂದಲ್ಲ, ನಾಮನಿರ್ದೇಶನದ ಬಾಗಿಲಿನಿಂದ. ನಾಮನಿರ್ದೇಶನವೆಂದರೆ ಸರ್ಕಾರವೇ ಒಬ್ಬರ ಹೆಸರನ್ನು ಸೂಚಿಸಿ ಮಂಡಳಿ, ಕಾರ್ಯಪಡೆ, ನ್ಯಾಯಮಂಡಳಿ ಅಥವಾ ಸದನದಲ್ಲಿ ಸ್ಥಾನ ಕೊಡುವ ಪದ್ಧತಿ. ಆ ಸ್ಥಾನ ಪಡೆದವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅವರು ಯಾರಿಗೆ ಉತ್ತರ ಹೇಳಬೇಕು ಎಂಬುದರ ದಿಕ್ಕು ಆ ಪದ್ಧತಿಯಿಂದಲೇ ಮೇಲ್ಮುಖವಾಗುತ್ತದೆ ಎಂಬುದು ಈ ಪತ್ರದ ವಾದ.

ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ಹತ್ತಿರದಿಂದ ಕಂಡಿದ್ದ ಸಮಾಜವಿಜ್ಞಾನಿ ರಾಬರ್ಟ್ ಮಿಚೆಲ್ಸ್ 1911ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಎಂಥ ಪ್ರಜಾಸತ್ತಾತ್ಮಕ ಸಂಘಟನೆಯೂ ಬೆಳೆದಂತೆ ಕೆಲವೇ ಜನರ ಹಿಡಿತಕ್ಕೆ ಸಿಗುತ್ತದೆ ಎಂಬ ನಿಯಮವನ್ನು ಮಂಡಿಸಿದ್ದು, ಚಳವಳಿಗಳನ್ನು ಕುರಿತ ಚರ್ಚೆ ಇಂದಿಗೂ ಅಲ್ಲಿಂದಲೇ ಆರಂಭವಾಗುತ್ತದೆ. ಲಕ್ಷಾಂತರ ಸದಸ್ಯರು, ಸಂಬಳದ ಪದಾಧಿಕಾರಿಗಳು ಮತ್ತು ಸ್ವಂತ ಪತ್ರಿಕೆಗಳಿದ್ದ ಪಕ್ಷಕ್ಕೆ ಆ ನಿಯಮ ಹೊಂದಿತು. ಪೋಲೆಂಡಿನಲ್ಲಿ 1980ರಲ್ಲಿ ಹಡಗುಕಟ್ಟೆಯ ಕಾರ್ಮಿಕರಿಂದ ಹುಟ್ಟಿದ ಸಾಲಿಡಾರಿಟಿ ಸಂಘಟನೆ 1989ರಲ್ಲಿ ಸರ್ಕಾರದ ಮುಂದಾಳತ್ವ ವಹಿಸಿದ್ದಕ್ಕೂ, 1985ರ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಅಸ್ಸಾಮಿನ ವಿದ್ಯಾರ್ಥಿ ನಾಯಕರು ಅದೇ ವರ್ಷಾಂತ್ಯದ ಚುನಾವಣೆಯಲ್ಲಿ ಗೆದ್ದು ಮಂತ್ರಿಗಳಾದದ್ದಕ್ಕೂ ಅದನ್ನು ಸ್ವಲ್ಪ ಮಟ್ಟಿಗೆ ಅನ್ವಯಿಸಬಹುದು. ಮಲೆನಾಡಿನ ಚಳವಳಿಗಳಿಗಾದರೋ ಸದಸ್ಯತ್ವದ ಪಟ್ಟಿಯೂ ಇರಲಿಲ್ಲ, ಸಂಬಳದ ಕಾರ್ಯದರ್ಶಿಯೂ ಇರಲಿಲ್ಲ. ಯುವಕ ಮಂಡಳಿ, ಸಹಕಾರಿ ಸಂಘ, ಮಠದ ಸಭೆ, ಊರಿನ ಶಾಲೆಯ ಅಂಗಳ ಇವೇ ಅವುಗಳ ಕಚೇರಿಗಳಾಗಿದ್ದವು. ಆದ್ದರಿಂದ ಇಲ್ಲಿಯ ಬದಲಾವಣೆಯ ಮೂಲವನ್ನು ಸಂಘಟನೆಯ ಗಾತ್ರದಲ್ಲಿ ಹುಡುಕುವುದಕ್ಕಿಂತ ಸರ್ಕಾರ ಅದನ್ನು ಒಳಗೆ ಕರೆದುಕೊಂಡ ರೀತಿಯಲ್ಲಿ ಹುಡುಕುವುದು ಸೂಕ್ತ.

ಹೋರಾಟದ ಗೆಲುವು ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂಬ ಪ್ರಶ್ನೆ ಈ ಸೀಮೆಗೆ ಹಳೆಯದು. 1930ರ ದಶಕದ ಆರಂಭದಲ್ಲಿ ಅಂಕೋಲಾ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ನಡೆದ ಕರನಿರಾಕರಣೆ ಚಳವಳಿಯಲ್ಲಿ ಕಂದಾಯ ಕೊಡಲೊಪ್ಪದ ಕುಟುಂಬಗಳ ಜಮೀನನ್ನೂ ಮನೆಸಾಮಾನನ್ನೂ ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು, ಮತ್ತು ಹಾಗೆ ಹರಾಜಿನಲ್ಲಿ ಕೊಂಡವರ ಮನೆಯ ಮುಂದೆ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಉಪವಾಸ ಕುಳಿತರು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಬಿ. ಜಿ. ಖೇರ್ ನೇತೃತ್ವದ ಕಾಂಗ್ರೆಸ್ ಸರ್ಕಾರ ಬಂದ ಮೇಲೆ ಜಪ್ತಾದ ಜಮೀನನ್ನು ಹಿಂದಿರುಗಿಸುವ ಕ್ರಮ ಕೈಗೊಂಡಿತು. ಚಳವಳಿಯೊಂದು ಅಧಿಕಾರಕ್ಕೆ ಬಂದು ತನ್ನವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡ ಉದಾಹರಣೆ ಇದು. ಆದರೆ ಜಮೀನು ಹಿಂದಿರುಗಿದ್ದು ಕಂದಾಯ ದಾಖಲೆಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಜಮೀನನ್ನು ಗೇಣಿಗೆ ಹಿಡಿದು ಉಳುತ್ತಿದ್ದವರ ಪ್ರಶ್ನೆ ಆ ಗೆಲುವಿನ ಹೊರಗೇ ಉಳಿಯಿತು. ಕರಾವಳಿಯ ಗೇಣಿದಾರರನ್ನು ಸಂಘಟಿಸಿದ ದಿನಕರ ದೇಸಾಯಿ ಅವರು 1940ರಲ್ಲಿ ಜಿಲ್ಲೆಯಿಂದಲೇ ಗಡಿಪಾರಾದರು ಎಂಬುದನ್ನು ನೆನೆದರೆ, ಒಂದು ಹೋರಾಟದ ಗೆಲುವು ಇನ್ನೊಂದರ ಆರಂಭದ ಹಂತವಷ್ಟೇ ಆಗಿತ್ತೆಂಬುದು ಕಾಣುತ್ತದೆ. ದೇಸಾಯಿಯವರು ಮುಂದೆ 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದದ್ದು ಜನರ ಮತದಿಂದ, ಮತ್ತು 1971ರ ಚುನಾವಣೆಯಲ್ಲಿ ಆ ಸ್ಥಾನ ಬೇರೆಯವರ ಪಾಲಾದದ್ದೂ ಜನರ ಮತದಿಂದಲೇ.

ಸಾಗರ ತಾಲ್ಲೂಕಿನ ಕಾಗೋಡು ಸಿದ್ದಾಪುರದ ಗಡಿಗೆ ದೂರವಲ್ಲ. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರದ ವಿಚಾರದಲ್ಲಿ 1951ರಲ್ಲಿ ಅಲ್ಲಿ ಆರಂಭವಾದ ಸತ್ಯಾಗ್ರಹಕ್ಕೆ ಎಚ್. ಗಣಪತಿಯಪ್ಪ ಅವರ ರೈತ ಸಂಘ ಅಡಿಪಾಯ ಹಾಕಿದ್ದು, ಸಮಾಜವಾದಿ ಪಕ್ಷ ಅದನ್ನು ಕೈಗೆತ್ತಿಕೊಂಡು, ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಆ ಭಾಗದಿಂದಲೇ ವಿಧಾನಸಭೆಗೆ ಗೆದ್ದು ಹೋದರು. ಸದನದಲ್ಲಿ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತ ಅವರಿಗೆ ಗೇಣಿದಾರನಿಗೆ ಒಂದು ಗುಂಟೆ ಕೊಡಿಸುವ ಅಧಿಕಾರವೂ ಇರಲಿಲ್ಲವಾದರೂ, ಮಾತನಾಡುವ ಅಧಿಕಾರವನ್ನು ಕಿತ್ತುಕೊಳ್ಳಬಲ್ಲವರು ಮತದಾರರ ಹೊರತು ಬೇರೆ ಯಾರೂ ಇರಲಿಲ್ಲ. ಕಾಗೋಡಿನ ಬೇಡಿಕೆ ಕಾನೂನಾದದ್ದು ಎರಡು ದಶಕಗಳ ನಂತರ, ಅದೂ ಬೇರೊಂದು ಪಕ್ಷದ ದೇವರಾಜ ಅರಸು ಅವರ ಸರ್ಕಾರದಿಂದ.

ಆ ಕಾನೂನಿನ ನಡೆಯನ್ನು ಸ್ವಲ್ಪ ನಿಧಾನವಾಗಿ ನೋಡುವುದು ಅಗತ್ಯ, ಏಕೆಂದರೆ ಚಳವಳಿಯ ಬೇಡಿಕೆಯೊಂದು ಕಚೇರಿಯ ಕಡತವಾಗುವ ಕ್ರಿಯೆಯನ್ನು ಈ ಮೂರು ತಾಲ್ಲೂಕುಗಳ ಜನ ಅತ್ಯಂತ ಹತ್ತಿರದಿಂದ ಕಂಡದ್ದು ಅಲ್ಲಿ. 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಆ ದಿನದಿಂದ ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದವು, ಅಂದರೆ ಒಡೆಯನ ಹಕ್ಕು ಕಾನೂನಿನ ಬಲದಿಂದ ಸರ್ಕಾರಕ್ಕೆ ಸೇರಿತು. ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನೇ ಉಳುತ್ತಿದ್ದೆನೆಂದು ತೋರಿಸಿ ಅಧಿಭೋಗದ ಹಕ್ಕನ್ನು ಪಡೆಯಬೇಕಿತ್ತು. ‘ಡಿಕ್ಲರೇಶನ್ ಕೊಡುವುದು’ ಎಂದು ಹಳ್ಳಿಗಳಲ್ಲಿ ಹೆಸರಾದ ಈ ಅರ್ಜಿಗಳನ್ನು ತೀರ್ಮಾನಿಸಿದ್ದು ತಾಲ್ಲೂಕು ಮಟ್ಟದ ಭೂನ್ಯಾಯಮಂಡಳಿ. ಅದರ ಅಧ್ಯಕ್ಷ ಉಪವಿಭಾಗಾಧಿಕಾರಿ. ಉಳಿದ ನಾಲ್ವರು ಸರ್ಕಾರ ನಾಮನಿರ್ದೇಶಿಸಿದ ಅಧಿಕಾರೇತರ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದವರಾಗಿರಬೇಕು. ವಕೀಲರಿಗೆ ಪ್ರವೇಶವಿಲ್ಲದ ಆ ಸಭೆಯಲ್ಲಿ ಊರಿನವರೇ ಕುಳಿತು ಊರಿನವರ ಹೇಳಿಕೆ ಕೇಳುವ ವ್ಯವಸ್ಥೆ, ಸಿವಿಲ್ ನ್ಯಾಯಾಲಯದ ದೀರ್ಘ ದಾರಿಗೆ ಹೋಲಿಸಿದರೆ, ಅಸಾಧಾರಣ ಸುಧಾರಣೆಯೇ ಆಗಿತ್ತು. ಗೇಣಿ ಪದ್ಧತಿ ದಟ್ಟವಾಗಿದ್ದ ಉತ್ತರ ಕನ್ನಡದಲ್ಲಿ ಅದರಿಂದ ಆದ ಬದಲಾವಣೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೂ ಆ ನಾಲ್ಕು ಕುರ್ಚಿಗಳು ತಂದ ಪರಿಣಾಮ ಎರಡು ಬಗೆಯದು. ನಿನ್ನೆಯವರೆಗೆ ಮೆರವಣಿಗೆಯಲ್ಲಿ ಒಟ್ಟಾಗಿ ನಡೆದಿದ್ದ ಗೇಣಿದಾರರು ಇಂದು ಪ್ರತ್ಯೇಕ ಅರ್ಜಿಸಂಖ್ಯೆಗಳಾಗಿ ಮಂಡಳಿಯ ಮುಂದೆ ನಿಂತರು, ಮತ್ತು ಸಾಮೂಹಿಕ ಬೇಡಿಕೆ ಒಬ್ಬೊಬ್ಬರ ಪ್ರಕರಣವಾಯಿತು. ತೀರ್ಮಾನಿಸುವ ಸದಸ್ಯನು ಆಳುವ ಪಕ್ಷದ ಒಲವಿನಿಂದ ಬಂದವನಾದ್ದರಿಂದ, ಅರ್ಜಿದಾರರು ಸಂಘಟನೆಯ ಕಡೆಗಿಂತ ಆ ಸದಸ್ಯನ ಮನೆಯ ಕಡೆಗೆ ಹೆಚ್ಚು ನಡೆಯತೊಡಗಿದ್ದು ಸಹಜ. ಎರಡನೆಯದಾಗಿ, ಗೇಣಿಚೀಟಿಯಾಗಲಿ ಸಾಗುವಳಿಯ ಪುರಾವೆಯಾಗಲಿ ಇಲ್ಲದ, ಒಡೆಯನ ಬಳಿಯೂ ಗೇಣಿದಾರನ ಬಳಿಯೂ ಕೂಲಿ ಮಾಡುತ್ತಿದ್ದವರಿಗೆ ವಾಸದ ಮನೆಯ ನೆಲದ ಹಕ್ಕಿಗಿಂತ ಹೆಚ್ಚಿನದು ದೊರೆಯಲಿಲ್ಲ. ಅವರ ಪರವಾಗಿ ಮುಂದಿನ ಮೆರವಣಿಗೆ ಹೊರಡಿಸಬೇಕಾಗಿದ್ದ ಜನರು ಪಹಣಿಯಲ್ಲಿ ಹೆಸರು ಬಂದ ಮೇಲೆ ಸ್ವತಃ ಹಿಡುವಳಿದಾರರಾಗಿದ್ದರು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದ ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದಾಗ, 1974ರ ಫಲಾನುಭವಿಗಳ ಮನೆಗಳಿಂದ ಎದ್ದ ದನಿ ಆ ಕಾಯ್ದೆಯ ಮಹತ್ವಕ್ಕೆ ತಕ್ಕಷ್ಟು ದೊಡ್ಡದಾಗಿರಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ.

ಪರಿಸರ ಚಳವಳಿಯ ದಾರಿ ಇದಕ್ಕಿಂತ ಭಿನ್ನವಾಗಿ ಆರಂಭವಾಗಿ, ಕೊನೆಗೆ ಇದೇ ಕುರ್ಚಿಯ ಬಳಿ ಬಂದು ಸೇರಿತು. ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಯಲ್ಲಾಪುರ ಮತ್ತು ಶಿರಸಿಯ ತೋಟಿಗರು ಎತ್ತಿದ ದನಿ ಭಾವುಕ ವಿರೋಧವಾಗಿ ನಿಲ್ಲದೆ, ಮುಳುಗಡೆಯಾಗುವ ತೋಟ ಮತ್ತು ಕಾಡಿನ ಲೆಕ್ಕವನ್ನು ವಿಜ್ಞಾನಿಗಳೊಡನೆ ಕುಳಿತು ಮಂಡಿಸಿದ, ದೇಶದಲ್ಲೇ ಆ ಬಗೆಯ ಮೊದಮೊದಲ ಪ್ರಯತ್ನಗಳಲ್ಲಿ ಒಂದಾಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿ ಭಾಗದ ಗಂಡಸರು, ಹೆಂಗಸರು, ಯುವಕರು ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡದ್ದರಿಂದ ಹುಟ್ಟಿದ ಅಪ್ಪಿಕೋ ಚಳವಳಿ, ಪಾಂಡುರಂಗ ಹೆಗಡೆ ಮತ್ತಿತರರ ಮೂಲಕ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಕಾರ್ಯಕ್ರಮವಾಗಿ ಹರಡಿತು. ಗುತ್ತಿಗೆದಾರನ ಕೊಡಲಿಯನ್ನು ತಡೆದ ಜನರ ಕೈಯಲ್ಲಿ ಆಗ ಯಾವ ಹುದ್ದೆಯೂ ಇರಲಿಲ್ಲ. ಅರಣ್ಯ ಇಲಾಖೆಯ ನೀತಿ ಬದಲಾದದ್ದು ಹುದ್ದೆಯಿಲ್ಲದ ಆ ಜನರ ಒತ್ತಡದಿಂದಲೇ.

ಇಲಾಖೆ ಕಲಿತ ಪಾಠ ಇನ್ನೊಂದು ಬಗೆಯದಾಗಿತ್ತು. ಬ್ರಿಟಿಷ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡದಲ್ಲಿ ನೆಲೆಗೊಂಡ ಕಾಲದಲ್ಲಿ, 1993ರ ಸರ್ಕಾರಿ ಆದೇಶದಂತೆ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು. ಜನರೂ ಇಲಾಖೆಯೂ ಸೇರಿ ಕಾಡನ್ನು ಯೋಜಿಸಿ, ಬೆಳೆಸಿ, ಆದಾಯವನ್ನು ಹಂಚಿಕೊಳ್ಳುವ ಜಂಟಿ ಅರಣ್ಯ ಯೋಜನೆ ಎಂಬ ಈ ವ್ಯವಸ್ಥೆಯಲ್ಲಿ ಅಧ್ಯಕ್ಷನು ಊರಿನವನಾದರೂ ಸದಸ್ಯ ಕಾರ್ಯದರ್ಶಿ ಅರಣ್ಯ ಇಲಾಖೆಯ ಫಾರೆಸ್ಟರ್. ನಡಾವಳಿ ಪುಸ್ತಕ ಅವನ ಬಳಿ, ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿ. ಮರ ಅಪ್ಪಿಕೊಂಡ ಊರುಗಳ ಯುವಕರು ಎರಡು ದಶಕದೊಳಗೆ ನೆಡುತೋಪಿನ ಕಾವಲು, ಸಸಿಗಳ ಸಂಖ್ಯೆ, ಉಪ ಉತ್ಪನ್ನದ ಹರಾಜು ಇವುಗಳ ಲೆಕ್ಕ ಬರೆಯುವವರಾದರು. ಈ ಕೆಲಸ ಕೀಳಲ್ಲ, ಕಾಡಿಗೆ ಅದು ಬೇಕಾದದ್ದೇ. ಆದರೆ ಇಲಾಖೆಯನ್ನು ಪ್ರಶ್ನಿಸುವ ಸಭೆಯನ್ನೂ ಇಲಾಖೆಯ ನೌಕರನೇ ಕರೆಯಬೇಕಾದ ಸ್ಥಿತಿಯಲ್ಲಿ ಪ್ರಶ್ನೆಯ ಸ್ವರ ತಗ್ಗುವುದು ಖಚಿತ.

ಮೇಲಿನ ಹಂತದಲ್ಲಿಯೂ ಇದೇ ಆಯಿತು. ವೃಕ್ಷಲಕ್ಷ ಆಂದೋಲನದ ಅನಂತ ಹೆಗಡೆ ಅಶೀಸರ ಅವರು ಬಿ. ಎಸ್. ಯಡಿಯೂರಪ್ಪ ಅವರ ಸರ್ಕಾರದ ಕಾಲದಲ್ಲಿ ಪಶ್ಚಿಮಘಟ್ಟ ಕಾರ್ಯಪಡೆಯ, ಮುಂದೆ ಕರ್ನಾಟಕ ಜೀವವೈವಿಧ್ಯ ಮಂಡಳಿಯ ಅಧ್ಯಕ್ಷರಾದದ್ದು, ಈ ಸೀಮೆಯ ಪರಿಸರ ಚಳವಳಿಗೆ ರಾಜ್ಯ ಮಟ್ಟದಲ್ಲಿ ಸಿಕ್ಕ ಅತಿ ದೊಡ್ಡ ಅಧಿಕೃತ ಮನ್ನಣೆ. ಅದರಿಂದ ಆದ ಲಾಭವನ್ನು ಕಡೆಗಣಿಸುವುದು ಅನ್ಯಾಯ: 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಮತ್ತು ಬೇಡ್ತಿ ಸಂರಕ್ಷಿತ ಪ್ರದೇಶಗಳು ಘೋಷಣೆಯಾದವು, ಮತ್ತು ಕಾಡಿನ ಊರುಗಳ ಮಾತು ವಿಧಾನಸೌಧದ ಮೇಜನ್ನು ನೇರವಾಗಿ ತಲುಪಿತು. ಆದರೆ ಕಾರ್ಯಪಡೆಗೂ ಮಂಡಳಿಗೂ ಇರುವುದು ಮುಖ್ಯವಾಗಿ ಶಿಫಾರಸು ಮಾಡುವ ಅಧಿಕಾರ, ಮತ್ತು ಅಧ್ಯಕ್ಷಗಿರಿ ಇರುವುದು ನೇಮಿಸಿದ ಸರ್ಕಾರದ ಇಚ್ಛೆ ಇರುವವರೆಗೆ. ಬೇಡ್ತಿಯ ನೀರನ್ನು ವರದಾ ನದಿಯತ್ತ ತಿರುಗಿಸುವ ಯೋಜನೆಗೆ ಪಕ್ಷಭೇದವಿಲ್ಲದೆ ಬೆಂಬಲಿಗರಿದ್ದಾರೆ. ಅದನ್ನು ವಿರೋಧಿಸಿ ಬೇಡ್ತಿ ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ ಮತ್ತೆ ಜನರನ್ನೇ ಸೇರಿಸಬೇಕಾಗಿ ಬಂದದ್ದು, ಮಂಡಳಿಗಳ ಶಿಫಾರಸು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ತೋರಿಸುತ್ತದೆ. (ವರದಾ ಹರಿಯುವುದು ಬನವಾಸಿಯ ಮಗ್ಗುಲಲ್ಲೇ ಆದ್ದರಿಂದ ಈ ವಿವಾದದ ಎರಡು ದಡಗಳೂ ಒಂದೇ ಸೀಮೆಯಲ್ಲಿವೆ ಎಂಬುದನ್ನು ಎರಡೂ ಕಡೆಯವರು ಆಗಾಗ ಮರೆಯುತ್ತಾರೆ.) ನೇಮಕದ ಬದಲು ಚುನಾವಣೆಯ ದಾರಿ ಹಿಡಿದು, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತದ್ದನ್ನು ಚಳವಳಿಯ ವೈಫಲ್ಯವೆಂದು ಎಣಿಸುವವರಿದ್ದಾರೆ, ಸೋತ ಅಭ್ಯರ್ಥಿ ಯಾರ ಋಣದಲ್ಲಿಯೂ ಇರುವುದಿಲ್ಲ ಎಂಬ ಅಂಶಕ್ಕೆ ಆ ಎಣಿಕೆಯಲ್ಲಿ ಬೆಲೆ ಸಿಕ್ಕಿಲ್ಲ.

ಅಪ್ಪಿಕೋ ಊರುಗಳ ನೆರೆಯಲ್ಲೇ ಬೆಳೆದ ಅರಣ್ಯಭೂಮಿ ಹಕ್ಕಿನ ಚಳವಳಿಯನ್ನು ಪರಿಸರವಾದಿಗಳು ಬಹುಕಾಲ ತಮ್ಮದಲ್ಲವೆಂದು ಭಾವಿಸಿದರು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸಲು ಪ್ರತಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬಿಟ್ಟುಕೊಟ್ಟ ಕಾಡಿಗೆ ಸೊಪ್ಪಿನ ಬೆಟ್ಟ ಎಂದು ಹೆಸರು. ಅದು ತೋಟವಿದ್ದವರಿಗೆ ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ತೋಟವೂ ಬೆಟ್ಟವೂ ಇಲ್ಲದವರು ಕಾಡಿನಂಚಿನಲ್ಲಿ ಗದ್ದೆ ಮಾಡಿ, ಮನೆ ಕಟ್ಟಿ, ಸರ್ಕಾರಿ ಭಾಷೆಯಲ್ಲಿ ಅತಿಕ್ರಮಣದಾರರಾದರು. 1978ರ ಏಪ್ರಿಲ್ 27ಕ್ಕೆ ಮೊದಲಿನ ಸಾಗುವಳಿ ಸಕ್ರಮವಾಗಬೇಕೆಂಬ ಹಳೆಯ ಬೇಡಿಕೆಯ ಜೊತೆಗೆ, 2006ರ ಅರಣ್ಯಹಕ್ಕು ಕಾಯ್ದೆಯ ನಂತರ, ಬುಡಕಟ್ಟಿನವರಲ್ಲದ ಇತರ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದರೆಂದು ತೋರಿಸಬೇಕಾದ ಕಷ್ಟವೂ ಸೇರಿತು. ತಿರಸ್ಕೃತ ಅರ್ಜಿದಾರರನ್ನು ಒಕ್ಕಲೆಬ್ಬಿಸುವ ಸರ್ವೋಚ್ಚ ನ್ಯಾಯಾಲಯದ 2019ರ ಫೆಬ್ರುವರಿ 13ರ ಆದೇಶ ಅದೇ ತಿಂಗಳ 28ರಂದು ತಡೆಹಿಡಿಯಲ್ಪಟ್ಟರೂ, ಆತಂಕ ತೊಲಗಲಿಲ್ಲ. ಒಂದೇ ಊರಿನ ಎರಡು ಚಳವಳಿಗಳು ಒಂದೇ ಸರ್ಕಾರದ ಎರಡು ಕಚೇರಿಗಳ ಮುಂದೆ, ಒಂದು ಅರಣ್ಯ ಇಲಾಖೆಯ ಮುಂದೆ ಇನ್ನೊಂದು ಉಪವಿಭಾಗಾಧಿಕಾರಿಯ ಮುಂದೆ, ಪರಸ್ಪರ ವಿರುದ್ಧ ಮನವಿಗಳನ್ನು ಹಿಡಿದು ನಿಂತಿರುವುದು ಅಧಿಕಾರದಲ್ಲಿದ್ದವರಿಗೆ ಅತ್ಯಂತ ಅನುಕೂಲದ ಸ್ಥಿತಿ. ಎರಡರಲ್ಲಿ ಯಾವ ಕಡೆಯವರನ್ನು ಯಾವಾಗ ಮಂಡಳಿಗೆ ನೇಮಿಸಬೇಕೆಂಬುದು ಆಗ ಅವರ ಆಯ್ಕೆಯಾಗುತ್ತದೆ.

ನೇಮಕದಿಂದ ಬಂದ ಗೌರವ ನಿಜವಾದ ಗೌರವವೇ ಆಗಿರಬಹುದು ಎಂಬುದಕ್ಕೆ ಸಿದ್ದಿ ಸಮುದಾಯದ ಉದಾಹರಣೆ ಸಾಕು. ಆಫ್ರಿಕಾ ಮೂಲದ ಪೂರ್ವಜರ ಈ ಸಮುದಾಯ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡವೆಂದು ಮಾನ್ಯವಾದದ್ದು 2003ರಲ್ಲಿ, ಬಹುಕಾಲದ ಸಂಘಟನೆಯ ಫಲವಾಗಿ. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶಿತರಾದಾಗ, ಆ ಸಮುದಾಯದಿಂದ ಶಾಸಕಾಂಗಕ್ಕೆ ಬಂದ ಮೊದಲಿಗರಾದರು. ಸಂಖ್ಯೆಯಲ್ಲಿ ಚಿಕ್ಕದಾಗಿ ಹಲವು ಕ್ಷೇತ್ರಗಳಲ್ಲಿ ಚದುರಿರುವ ಸಮುದಾಯ ಮತದ ಬಲದಿಂದ ಸದನಕ್ಕೆ ಹೋಗುವುದು ಅಸಾಧ್ಯಪ್ರಾಯವಾದ್ದರಿಂದ, ಇಲ್ಲಿ ನಾಮನಿರ್ದೇಶನವೇ ನ್ಯಾಯದ ಏಕೈಕ ದಾರಿಯಾಗಿತ್ತೆಂದು ಒಪ್ಪಬೇಕು. ಒಪ್ಪಿದ ಮೇಲೆಯೂ ಒಂದು ಮಾತು ಉಳಿಯುತ್ತದೆ: ಆ ಸ್ಥಾನ ಮುಂದಿನ ಬಾರಿ ಸಿದ್ದಿಗಳಿಗೆ ಬರುತ್ತದೆಯೇ ಎಂಬುದನ್ನು ನಿರ್ಧರಿಸುವವರು ಸಿದ್ದಿಗಳಲ್ಲ.

ಬನವಾಸಿಯ ಇತಿಹಾಸದಲ್ಲಿ ಈ ಮಾದರಿಗೆ ಬಹು ಹಳೆಯ ಪೂರ್ವಾಧಾರವಿದೆ. ತಾಳಗುಂದದ ಸ್ತಂಭಶಾಸನ ಹೇಳುವಂತೆ, ಕಂಚಿಯಲ್ಲಿ ಅವಮಾನಿತನಾದ ಮಯೂರಶರ್ಮ ಶ್ರೀಪರ್ವತದ ಕಾಡು ಸೇರಿ ಪಲ್ಲವರನ್ನು ಕಾಡಿದನು. ಅವನನ್ನು ಸದೆಬಡಿಯಲಾರದ ಪಲ್ಲವರು ಕೊನೆಗೆ ಅವನನ್ನು ತಮ್ಮ ಸೇವೆಗೆ ತೆಗೆದುಕೊಂಡು, ಪಟ್ಟಬಂಧದ ಗೌರವವನ್ನೂ ಪಶ್ಚಿಮ ಸಮುದ್ರದವರೆಗಿನ ನೆಲವನ್ನೂ ಕೊಟ್ಟರು. ಬಂಡಾಯಗಾರನನ್ನು ಸಾಮಂತನನ್ನಾಗಿಸುವ ಉಪಾಯ ವಿಧಾನಸೌಧದಲ್ಲಿ ಹುಟ್ಟಿದ್ದಲ್ಲ ಎಂದಷ್ಟೇ ಇದರಿಂದ ತಿಳಿಯುವುದು.

ಅಧಿಕಾರವನ್ನು ಕೆಳಮುಖವಾಗಿ ಕಳಿಸಿದ ಪ್ರಯತ್ನವೂ ಈ ಮಣ್ಣಿನವರಿಂದಲೇ ನಡೆದಿದೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಅವರು 1983ರಲ್ಲಿ ಮುಖ್ಯಮಂತ್ರಿಯಾದ ಮೇಲೆ, ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾಯ್ದೆ, ಶೇ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿ, ಜಿಲ್ಲೆಯ ಅಧಿಕಾರಿಗಳನ್ನು ಚುನಾಯಿತರ ಅಧೀನಕ್ಕೆ ತಂದಿತು. ಐದು ವರ್ಷದ ಅವಧಿ ಮುಗಿದಾಗ ಬೇರೆ ಸರ್ಕಾರವಿತ್ತು. ಮರುಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಆಗ ಅದನ್ನು ಪ್ರಶ್ನಿಸುವುದು ರಾಜಕೀಯ ಪಕ್ಷಗಳ ಕೆಲಸವೆಂದು ಚಳವಳಿಗಳು ಭಾವಿಸಿರಬಹುದು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು ವರ್ಷಗಟ್ಟಲೆ ಚುನಾವಣೆ ನಡೆಯದೆ ಉಳಿದಾಗ ಮಾತ್ರ ಹಾಗೆ ಭಾವಿಸಲು ಕಾರಣವಿರಲಿಲ್ಲ, ಏಕೆಂದರೆ ಅಷ್ಟರಲ್ಲಿ ಅರಣ್ಯಹಕ್ಕಿನ ಅರ್ಜಿಗಳ ಹಣೆಬರಹವೇ ಆ ಸಂಸ್ಥೆಗಳಿಗೆ ಕಟ್ಟಲ್ಪಟ್ಟಿತ್ತು.

ಈ ಕಟ್ಟು ಹೇಗೆಂಬುದನ್ನು ಬಿಡಿಸಿ ಹೇಳಬೇಕು. ಅರಣ್ಯಹಕ್ಕು ನಿಯಮಗಳಂತೆ ಗ್ರಾಮಸಭೆಯೇ ತನ್ನ ಸದಸ್ಯರಲ್ಲಿ 10ರಿಂದ 15 ಜನರ ಅರಣ್ಯಹಕ್ಕು ಸಮಿತಿಯನ್ನು, ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರನ್ನೊಳಗೊಂಡು, ಆರಿಸುತ್ತದೆ. ಸದಸ್ಯ ಕಾರ್ಯದರ್ಶಿಯಾಗಿ ಯಾವ ಇಲಾಖೆಯ ನೌಕರನೂ ಅಲ್ಲಿ ಕೂರುವುದಿಲ್ಲ. ಅದು ಕಳಿಸಿದ ಅರ್ಜಿಯನ್ನು ಪರಿಶೀಲಿಸುವ ಉಪವಿಭಾಗ ಸಮಿತಿಯಲ್ಲಿ ಮೂವರು ಅಧಿಕಾರಿಗಳ ಎದುರು ತಾಲ್ಲೂಕು ಪಂಚಾಯಿತಿಯ ಮೂವರು ಸದಸ್ಯರಿರಬೇಕು, ಅವರನ್ನು ಸೂಚಿಸಬೇಕಾದದ್ದು ಜಿಲ್ಲಾ ಪಂಚಾಯಿತಿ. ಇದೂ ನಾಮನಿರ್ದೇಶನವೇ, ಆದರೆ ಚುನಾಯಿತರು ಚುನಾಯಿತರನ್ನು ಸೂಚಿಸುವ ನಾಮನಿರ್ದೇಶನ. ಪಂಚಾಯಿತಿಗಳಲ್ಲಿ ಸದಸ್ಯರೇ ಇಲ್ಲದಷ್ಟು ಕಾಲ ಆ ಮೂರು ಸ್ಥಾನಗಳನ್ನು ನಿಯಮದಂತೆ ತುಂಬಲಾಗದು, ಮತ್ತು ಅರ್ಜಿ ತಿರಸ್ಕರಿಸುವ ಮೇಜಿನ ಸುತ್ತ ಅಧಿಕಾರಿಗಳು ಮಾತ್ರ ಉಳಿಯುತ್ತಾರೆ.

ಬೇಡ್ತಿ ಕೊಳ್ಳದ ಸಂರಕ್ಷಣೆಗಾಗಿ ಸೇರುವವರೂ ಅತಿಕ್ರಮಣ ಸಕ್ರಮಕ್ಕಾಗಿ ಸೇರುವವರೂ ಒಟ್ಟಾಗಿ ಸಹಿ ಹಾಕಬಹುದಾದ ಬೇಡಿಕೆ, ಪಂಚಾಯಿತಿಗಳಿಗೆ ಚುನಾವಣೆ ನಡೆಯಬೇಕೆಂಬುದೊಂದೇ ಇರಬಹುದು. ನದಿ ತಿರುವಿನ ವಿರುದ್ಧ ನಿರ್ಣಯ ಮಾಡಲು ಚುನಾಯಿತ ಜಿಲ್ಲಾ ಪಂಚಾಯಿತಿ ಎಷ್ಟು ಅಗತ್ಯವೋ, ಭೂಮಿಯ ಅರ್ಜಿ ಉಳಿಯಲೂ ಅಷ್ಟೇ ಅಗತ್ಯ. ಮಂಡಳಿಯ ಅಥವಾ ಕಾರ್ಯಪಡೆಯ ಮುಂದಿನ ನೇಮಕದ ಪತ್ರ ಈ ಸೀಮೆಗೆ ಬಂದಾಗ, ಅದನ್ನು ಪಡೆಯುವವರು ಸಂಘಟನೆಯ ಹುದ್ದೆಯನ್ನು ಬಿಟ್ಟುಕೊಟ್ಟು ಹೋಗಬೇಕೆಂದೂ, ವರ್ಷಕ್ಕೊಮ್ಮೆ ತಮ್ಮ ಶಿಫಾರಸುಗಳಲ್ಲಿ ಯಾವುದು ಒಪ್ಪಿಗೆಯಾಯಿತು, ಯಾವುದು ಬಿದ್ದಿತು ಎಂಬ ಲಿಖಿತ ವರದಿಯನ್ನು ಗ್ರಾಮಸಭೆಗಳ ಮುಂದೆ ಇಡಬೇಕೆಂದೂ ಸಂಘಟನೆಗಳು ಮೊದಲೇ ನಿರ್ಣಯ ಮಾಡಿಕೊಳ್ಳಲು ಸರ್ಕಾರದ ಅಪ್ಪಣೆ ಬೇಕಿಲ್ಲ. ಅಂಥ ನಿರ್ಣಯವನ್ನು ಯಾರಾದರೊಬ್ಬರ ಹೆಸರು ಪತ್ರಿಕೆಯಲ್ಲಿ ಬಂದ ಮೇಲೆ ಮಂಡಿಸಿದರೆ ಅದು ಆ ವ್ಯಕ್ತಿಯ ಮೇಲಿನ ಅಸೂಯೆಯೆಂದು ಕಾಣುತ್ತದೆಯಾದ್ದರಿಂದ, ಯಾವ ಹೆಸರೂ ಚರ್ಚೆಯಲ್ಲಿಲ್ಲದ ಹೊತ್ತಿನಲ್ಲಿಯೇ ಅದು ನಡಾವಳಿ ಪುಸ್ತಕಕ್ಕೆ ಸೇರುವುದು ಒಳ್ಳೆಯದು.

ವಿಶ್ವಾಸಪೂರ್ವಕ,
ಬನವಾಸಿ